ರೈಫಲ್ ರೇಟಿನ ಜಗಳಕ್ಕೆ ನೂರೈವತ್ತು ವರ್ಷದ ಹಿನ್ನೆಲೆ

ಮಾರುಕಟ್ಟೆಗೆ ಹೊಸ ರೈಫಲ್ ಬಂತು ಅಂದ್ರೆ ತುಮಕೂರಿನ ಬಂದೂಕು ಹುಚ್ಚಿನವರು ಮೊದಲು ಮಾತಾಡೋದು ನಳಿಗೆ, ಗುರಿ ಬಗ್ಗೆ ಅಲ್ಲ. ರೇಟಿನ ಬಗ್ಗೆ. "ಅಮೆರಿಕದಲ್ಲಿ ಇಂಥದ್ದು ಕಾಲು ಭಾಗಕ್ಕೆ ಸಿಗುತ್ತೆ" ಅಂತ ಒಬ್ಬರು ಶುರು ಮಾಡುತ್ತಾರೆ. "ಸಿಗುತ್ತೆ, ತರೋಕೆ ಬಿಡಬೇಕಲ್ಲ" ಅಂತ ಇನ್ನೊಬ್ಬರು. ಎರಡನೆಯವರು ಗೊತ್ತಿಲ್ಲದೇ ವಿಷಯದ ಬುಡಕ್ಕೇ ಕೈ ಹಾಕಿರುತ್ತಾರೆ. ನಮ್ಮಲ್ಲಿ ಬಂದೂಕಿನ ಬೆಲೆಯನ್ನು ಕಂಪನಿಗಿಂತ ಜಾಸ್ತಿ ಕಾನೂನೇ ಬರೆದಿದೆ.

1857ರ ದಂಗೆ ಆದಮೇಲೆ ಬ್ರಿಟಿಷರಿಗೆ ಜನರ ಕೈಲಿರೋ ಆಯುಧ ಕಂಡರೆ ಭಯ. ಊರೂರಲ್ಲಿ ಕಿತ್ತುಕೊಂಡರು. 1861ರಲ್ಲಿ ಕೊಡವರಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಆಗ ಮೈಸೂರು, ಕೊಡಗು ಎರಡಕ್ಕೂ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಅವರು ಬೇಸಿಗೆ ಕಳೆಯುತ್ತಿದ್ದದ್ದು ನಂದಿಬೆಟ್ಟದ ಬಂಗಲೆಯಲ್ಲಿ. ಆದರೆ ಬೆಟ್ಟದ ಕೆಳಗಿನ ಚಿಕ್ಕಬಳ್ಳಾಪುರದ ರೈತನಿಗೆ ಕೊಡವರಿಗೆ ಸಿಕ್ಕ ಆ ವಿನಾಯಿತಿ ಬರಲಿಲ್ಲ. 1878ರಲ್ಲಿ ಆಯುಧ ಕಾಯ್ದೆ ಬಂತು, ಲೈಸೆನ್ಸ್ ಅನ್ನೋದು ಗಟ್ಟಿಯಾಗಿ ಕೂತಿತು.

ಆಮೇಲೆ ಬಂದದ್ದು ಇನ್ನೂ ಸ್ವಾರಸ್ಯದ್ದು. ಸೈನ್ಯದ ರೈಫಲ್ಲಿಗೆ .303 ಗುಂಡು (ಇದು ಇಂಚಿನ ಲೆಕ್ಕದಲ್ಲಿ ನಳಿಗೆಯ ಅಳತೆ). ಅದೇ ಅಳತೆಯ ರೈಫಲ್ ಜನರ ಹತ್ತಿರವೂ ಇದ್ದರೆ ಕದ್ದ ಗುಂಡು ಅದಕ್ಕೂ ಹೊಂದುತ್ತೆ ಅಲ್ವಾ? ಹಾಗಾಗಿ .303 ಜನಸಾಮಾನ್ಯರಿಗೆ ನಿಷಿದ್ಧವಾಯಿತು. ಅದರ ಜಾಗಕ್ಕೆ ಆಸ್ಟ್ರಿಯಾದ ಹಳೇ ಮ್ಯಾನ್ಲಿಕರ್ ಗುಂಡು ಬಂತು. ಅದೇ ನಮ್ಮ .315. ಹೊರಗಡೆ ಅದನ್ನು ಹೆಚ್ಚುಕಡಿಮೆ ಮರೆತೇ ಬಿಟ್ಟಿದ್ದಾರೆ. ಇಲ್ಲಿ ಸರ್ಕಾರಿ ಕಾರ್ಖಾನೆ ಸ್ವಾತಂತ್ರ್ಯ ಬಂದಮೇಲೂ ಅದನ್ನೇ ಮಾಡುತ್ತಾ ಬಂತು.

ಈ .315 ಕೈಗೆತ್ತಿಕೊಂಡರೆ ಅದರ ಹುಟ್ಟು ಗೊತ್ತಾಗುತ್ತದೆ. ಒಳಗಿನ ಯಂತ್ರ ಬ್ರಿಟಿಷ್ ಸೈನ್ಯದ ಹಳೇ ಲೀ-ಎನ್‌ಫೀಲ್ಡ್ ರೈಫಲ್ ವಂಶದ್ದೇ. ಗುಂಡು ತುಂಬೋಕೆ ಹಿಂದೆ ಮುಂದೆ ಆಡಿಸುವ ಬೋಲ್ಟನ್ನು ಎತ್ತಿ ಹಿಂದಕ್ಕೆಳೆಯುವಾಗ ಹಗುರ. ಮುಂದಕ್ಕೆ ದೂಡುವಾಗ ಕೊನೆಯಲ್ಲಿ ಸ್ಪ್ರಿಂಗ್ ಬಿಗಿ ಅಂಗೈಗೆ ಒತ್ತುತ್ತೆ, ಯಾಕಂದ್ರೆ ಇದು ಮುಚ್ಚುವಾಗ ಕುದುರೆ (ಗುಂಡಿಗೆ ಬಡಿಯುವ ಭಾಗ) ಏರಿಸಿಕೊಳ್ಳುವ ಜಾತಿ. ಈಗಿನ ರೈಫಲ್‌ಗಳಲ್ಲಿ ಹೆಚ್ಚಿನವು ತೆರೆಯುವಾಗಲೇ ಆ ಕೆಲಸ ಮುಗಿಸಿರುತ್ತವೆ. ನೂರು ವರ್ಷ ಹಳೆಯ ವಿನ್ಯಾಸಕ್ಕೆ ಹೊಸ ಕಾಲದ ದುಡ್ಡು ಕೊಡಬೇಕಾ ಅನ್ನೋ ತಕರಾರು ಸುಮ್ನೆ ಹುಟ್ಟಿದ್ದಲ್ಲ.

1959ರಲ್ಲಿ ನಮ್ಮದೇ ಆಯುಧ ಕಾಯ್ದೆ ಬಂತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದು ಶಿಕಾರಿಗೆ ಬಾಗಿಲು ಹಾಕಿತು. ಮಧುಗಿರಿ ತಾಲೂಕಿನ ಜಯಮಂಗಲಿ ಹುಲ್ಲುಗಾವಲಲ್ಲಿ ಇವತ್ತಿಗೂ ಕೃಷ್ಣಮೃಗ ಓಡಾಡಿಕೊಂಡಿವೆ ಅಂದ್ರೆ ಅದಕ್ಕೆ ಈ ಕಾಯ್ದೆಯೂ ಒಂದು ಕಾರಣ. ಅದು ಒಳ್ಳೆಯದೇ ಆಯಿತು. ಆದರೆ ಶಿಕಾರಿ ರೈಫಲ್ ಕೊಳ್ಳುವವರು ಅಲ್ಲಿಗೆ ಕರಗಿದರು. ಉಳಿದವರು ಬೆಳೆ ಕಾಯೋರು, ಜೀವಭಯ ಇರೋರು, ಅಜ್ಜನ ಜೋಡುನಳಿಗೆಯನ್ನು ಬೀರುವಿನಲ್ಲಿ ಇಟ್ಟುಕೊಂಡೋರು. ಎಲೆಕ್ಷನ್ ಬಂದರೆ ಅದನ್ನೂ ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಜಮಾ ಮಾಡಬೇಕು.

ನಿಜವಾದ ಪೆಟ್ಟು ಬಿದ್ದದ್ದು 1980ರ ದಶಕದ ಮಧ್ಯದಲ್ಲಿ. ಸಾಮಾನ್ಯ ಲೈಸೆನ್ಸುದಾರರಿಗೆ ವಿದೇಶಿ ಬಂದೂಕಿನ ಆಮದು ನಿಂತಿತು. ಅವತ್ತಿನವರೆಗೆ ಬಂದವು ಎಷ್ಟೋ ಅಷ್ಟೇ. ಅವೇ ಕೈಯಿಂದ ಕೈಗೆ ಹೋಗುತ್ತಾ ಚಿನ್ನವಾದವು. ಹೊಸ ರೈಫಲ್, ರಿವಾಲ್ವರ್ ಬೇಕಾದರೆ ಸರ್ಕಾರಿ ಕಾರ್ಖಾನೆಯೇ ಗತಿಯಾಯಿತು. ಪೈಪೋಟಿ ಇಲ್ಲ, ಗಿರಾಕಿ ಕಡಿಮೆ, ಕಾಯುವಿಕೆ ಜಾಸ್ತಿ. ಇಂಥ ಕಡೆ ಬೆಲೆ ಇಳಿಯೋಕೆ ಯಾವ ಕಾರಣ ಇದೆ ಹೇಳಿ? 2014ರಲ್ಲಿ ಹೆಂಗಸರ ರಕ್ಷಣೆಗೆ ಅಂತ ಕಾನ್ಪುರದಿಂದ ನಿರ್ಭೀಕ್ ರಿವಾಲ್ವರ್ ಬಂತು. ತೂಕ ಅರ್ಧ ಕಿಲೋ, ಬೆಲೆ 1,22,360 ರೂಪಾಯಿ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹುಡುಗಿಗೆ ಇದು ಯಾವ ಲೆಕ್ಕದಲ್ಲಿ ಎಟುಕುತ್ತೆ ಅಂತ ಆಗಲೇ ಜನ ಕೇಳಿದರು.

ಅಮೆರಿಕದ ಹೋಲಿಕೆಗೆ ಬರೋಣ. 2012ರ ಹೊತ್ತಿಗೆ ರೂಗರ್ ಕಂಪನಿಯ 'ಅಮೆರಿಕನ್' ರೈಫಲ್ಲಿನ ಪಟ್ಟಿ ಬೆಲೆ 449 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 24 ಸಾವಿರ ರೂಪಾಯಿ. ಅಲ್ಲಿ ಅದೇ ದರಕ್ಕೆ ಗುದ್ದಾಡೋ ಕಂಪನಿಗಳು ಹಲವು. ಹಾಗಂತ ಅಲ್ಲಿ ಜಗಳ ಇಲ್ಲ ಅಂತಲ್ಲ. ಮ್ಯಾಗ್‌ಪುಲ್ ಕಂಪನಿ 2007ರಲ್ಲಿ ಮಸಾಡಾ ಅನ್ನೋ ರೈಫಲ್ ತೋರಿಸಿದಾಗ 1,500 ಡಾಲರ್ ಆಸುಪಾಸಿಗೆ ಸಿಗುತ್ತೆ ಅಂತ ಎಲ್ಲರೂ ಕಾದರು. 2010ರಲ್ಲಿ ಬುಷ್‌ಮಾಸ್ಟರ್ ಕಂಪನಿ ಅದನ್ನು ಎಸಿಆರ್ ಹೆಸರಲ್ಲಿ ಮಾರಿದಾಗ ಬೆಲೆ 2,600 ಡಾಲರ್ ದಾಟಿತ್ತು. ಅಭಿಮಾನಿಗಳು ಕೆಂಡವಾದರು. ಅದೇ ವರ್ಷ ಒಂದೇ ಒತ್ತಿಗೆ ಹಲವು ಗುಂಡು ಹಾರುವ ದೋಷ ಕಂಡು ಕಂಪನಿ ರೈಫಲ್‌ಗಳನ್ನು ವಾಪಸ್ ಕರೆಸಿಕೊಂಡಿತು. ಅಲ್ಲಿನವರಿಗೆ ಸಿಟ್ಟು ಬಂದರೆ ಪಕ್ಕದ ಕಪಾಟಿನ ರೈಫಲ್ ತಗೋಬಹುದು. ನಮಗೆ ಆ ಕಪಾಟೇ ಇರಲಿಲ್ಲ.

ಈಚೆಗೆ ಒಂದೆರಡು ಕಿಟಕಿ ತೆರೆದಿವೆ. 2016ರ ಹೊಸ ಆಯುಧ ನಿಯಮ, ಖಾಸಗಿ ತಯಾರಕರು, 2021ರಲ್ಲಿ ಸರ್ಕಾರಿ ಕಾರ್ಖಾನೆಗಳು ಏಳು ಕಂಪನಿಗಳಾದದ್ದು, 2023ರಲ್ಲಿ ಬಂದ ಪ್ರಬಲ್ ರಿವಾಲ್ವರ್. ಜೊತೆಗೇ 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಅಂದಿತು. 2025ರ ಸೆಪ್ಟೆಂಬರಲ್ಲಿ ರಿವಾಲ್ವರ್, ಪಿಸ್ತೂಲಿನ ಜಿಎಸ್‌ಟಿ 28ರಿಂದ ಶೇ. 40ಕ್ಕೆ ಏರಿತು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಂಡ ಹಾಗೆ.

ಬೆಲೆ ಜಗಳಕ್ಕೆ ನಿಜವಾಗಿ ಅರ್ಥ ಇರೋದು ಈಗ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್ಲಿನಲ್ಲಿ. ಹಿಂದೆ ಏರ್‌ಗನ್ನಿಗೆ ಪರೀಕ್ಷೆ ಅಂದ್ರೆ ಒಂದಿಂಚು ದಪ್ಪದ ಹಲಗೆ. ಗುಂಡು ಅದನ್ನು ತೂರಿ ಆಚೆ ಬರಬಾರದು. 2016ರ ನಿಯಮ ಅದನ್ನು ಅಳತೆಗೆ ತಂದಿತು: .177 ಬೋರ್ (ನಳಿಗೆಯ ಒಳ ಅಳತೆ), ಗುಂಡಿನ ಶಕ್ತಿ 20 ಜೌಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಹೀಗಾಗಿ ಕೊಳ್ಳುವವರು ಹೆಚ್ಚಿದರು, ದೇಶಿ ಕಂಪನಿಗಳೂ ಬಂದವು. (ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಶಿರಾದ ಕಗ್ಗಲಡು ಹುಣಸೆಮರದ ಕೊಕ್ಕರೆಗೆ ಗುರಿ ಇಡಬಹುದು ಅಂತಲ್ಲ. ಅದು ಜೈಲಿಗೆ ದಾರಿ.)

2008ರ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್ಲಿನಲ್ಲಿ. ಆ ಮಟ್ಟದ ಸ್ಪರ್ಧಿಗಳ ಕೈಲಿರೋದು ಹೆಚ್ಚಾಗಿ ವಾಲ್ಥರ್, ಫೈನ್‌ವರ್ಕ್‌ಬೌ, ಸ್ಟೈಯರ್ ಅನ್ನೋ ವಿದೇಶಿ ಕಂಪನಿಗಳ ರೈಫಲ್. ಆಮದಿನ ರಿಯಾಯಿತಿ ಹೆಸರು ಮಾಡಿದ ಶೂಟರುಗಳಿಗೆ. ಕೋಲಾರದಿಂದಲೋ ತಿಪಟೂರಿನಿಂದಲೋ ಹೊಸದಾಗಿ ಶುರು ಮಾಡುವ ಹೈಸ್ಕೂಲು ಹುಡುಗಿಗೆ ಹೆಸರು ಬರೋಕೆ ಮೊದಲು ರೈಫಲ್ ಬೇಕು. ಅವಳ ಅಪ್ಪ ದೇಶಿ ರೈಫಲ್ಲಿನ ರೇಟ್ ಕೇಳಿದ ಮೇಲೆ ಇನ್ನೆರಡು ಕೇಳುತ್ತಾರೆ: ಗಾಳಿ ಸೋರದಂತೆ ತಡೆಯೋ ಸೀಲ್ ಹೋದರೆ ರಿಪೇರಿ ಎಲ್ಲಿ, ಎರಡು ವರ್ಷ ಬಿಟ್ಟು ಮಾರಿದರೆ ಎಷ್ಟು ಬರುತ್ತೆ. ಹೊಸ ಮಾಡೆಲ್ ತರೋ ಕಂಪನಿಗಳು ಪೆಟ್ಟಿಗೆಯ ಮೇಲಿನ ರೇಟಿನ ಜೊತೆ ಇವೆರಡಕ್ಕೂ ಉತ್ತರ ಇಟ್ಟುಕೊಂಡು ಬರಲಿ.