ಲಂಚದ ತನಿಖೆ ಪೊಲೀಸರ ಕೈತಪ್ಪಿದಾಗ: ಹಾಂಗ್‌ಕಾಂಗ್‌ನ ಹಿನ್ನೆಲೆ

1960ರ ದಶಕದಲ್ಲಿ, ಬ್ರಿಟಿಷ್ ಗವರ್ನರ್ ಆಳುತ್ತಿದ್ದ ಹಾಂಗ್‌ಕಾಂಗ್‌ನಲ್ಲಿ ಸರ್ಕಾರಿ ಆಸ್ಪತ್ರೆಯ ರೋಗಿಯು ಬೆಡ್‌ಪ್ಯಾನಿಗೂ ಒಂದು ಲೋಟ ನೀರಿಗೂ ಆಯಾಳ ಕೈ ಬಿಸಿ ಮಾಡಬೇಕಿತ್ತು. ಬೆಂಕಿ ಬಿದ್ದ ಕಟ್ಟಡದ ಮುಂದೆ ನಿಂತ ಅಗ್ನಿಶಾಮಕ ಸಿಬ್ಬಂದಿ ನೀರು ಹಾಯಿಸುವ ಮೊದಲು ಹಣ ಕೇಳುತ್ತಿದ್ದರು. ಕಾನೂನಿಗೇನೂ ಕೊರತೆಯಿರಲಿಲ್ಲ. ಆದಾಯ ಮೀರಿದ ಆಸ್ತಿಯ ಮೂಲವನ್ನು ಅಧಿಕಾರಿಯೇ ವಿವರಿಸಬೇಕೆಂಬ ಕಟ್ಟುನಿಟ್ಟಿನ ನಿಯಮ 1971ರಲ್ಲೇ ಬಂದಿತ್ತು. ಆದರೆ ಲಂಚ ಪ್ರಕರಣಗಳ ತನಿಖೆ ನಡೆಸುತ್ತಿದ್ದದ್ದು ಪೊಲೀಸ್ ಇಲಾಖೆಯದೇ ಒಂದು ಶಾಖೆ, ಲಂಚದ ಜಾಲ ಎಲ್ಲಕ್ಕಿಂತ ಆಳವಾಗಿ ಬೇರೂರಿದ್ದದ್ದೂ ಅದೇ ಇಲಾಖೆಯಲ್ಲಿ.

1973ರಲ್ಲಿ ಹಿರಿಯ ಪೊಲೀಸ್ ಅಧಿಕಾರಿ ಪೀಟರ್ ಗಾಡ್ಬರ್ ಬಳಿ 43 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಮಿಕ್ಕಿದ ಸಂಪತ್ತು ಪತ್ತೆಯಾಯಿತು. ವಿವರಣೆ ನೀಡಲು ಕೊಟ್ಟ ಒಂದು ವಾರದ ಗಡುವಿನಲ್ಲೇ ಆತ ವಿಮಾನ ನಿಲ್ದಾಣದ ಪೊಲೀಸ್ ಪಾಸ್ ಬಳಸಿ ವಲಸೆ ತಪಾಸಣೆಯನ್ನು ದಾಟಿ, ಸಿಂಗಪುರದ ಮೂಲಕ ಲಂಡನ್ ಸೇರಿದ. ಜನ ಬೀದಿಗಿಳಿದರು. 1974ರ ಫೆಬ್ರವರಿ 15ರಂದು, ಪೊಲೀಸರಿಂದ ಪೂರ್ತಿ ಬೇರೆಯಾದ, ಗವರ್ನರ್‌ಗೆ ಮಾತ್ರ ಉತ್ತರದಾಯಿಯಾದ ಸ್ವತಂತ್ರ ಭ್ರಷ್ಟಾಚಾರ ನಿಗ್ರಹ ಆಯೋಗ ಆರಂಭವಾಯಿತು. ಮರುವರ್ಷ ಗಾಡ್ಬರ್‌ನನ್ನು ಕರೆತರಲಾಯಿತು. ನಾಲ್ಕು ವರ್ಷ ಜೈಲಾಯಿತು.

ಆಯೋಗದ ಒಂದು ವಿಭಾಗ ತನಿಖೆಗೆ, ಇನ್ನೊಂದು ಜನಜಾಗೃತಿಗೆ ಮೀಸಲಾಗಿತ್ತು. ಹೆಚ್ಚು ಚರ್ಚೆಯಾಗದ ಮೂರನೆಯ ವಿಭಾಗವೇ ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು: ಅದು ಯಾರನ್ನೂ ಬಂಧಿಸುವುದಿಲ್ಲ; ಇಲಾಖೆಗಳ ಕಾರ್ಯವಿಧಾನವನ್ನು ಪರಿಶೀಲಿಸಿ, ಕಡತ ಎಲ್ಲಿ ವಿನಾಕಾರಣ ನಿಲ್ಲುತ್ತದೆ, ಯಾರ ವಿವೇಚನೆಗೆ ಮಿತಿಯೇ ಇಲ್ಲ ಎಂದು ಗುರುತಿಸಿ ಬದಲಾವಣೆ ಸೂಚಿಸುತ್ತದೆ.

1977ರ ಅಕ್ಟೋಬರ್‌ನಲ್ಲಿ ಸಿಟ್ಟಿಗೆದ್ದ ಪೊಲೀಸರು ಆಯೋಗದ ಕಚೇರಿಗೇ ನುಗ್ಗಿದರು. ಗವರ್ನರ್ ಮಣಿದು, ಆ ವರ್ಷದ ಜನವರಿ 1ಕ್ಕಿಂತ ಹಿಂದಿನ ಅಪರಾಧಗಳಿಗೆ ಭಾಗಶಃ ಕ್ಷಮಾದಾನ ಘೋಷಿಸಿದರು. ಅದು ನ್ಯಾಯವೆನ್ನಲಾಗದು; ಆದರೂ ಆಯೋಗ ಉಳಿದದ್ದು ಆ ಬೆಲೆ ತೆತ್ತೇ.

ಕರ್ನಾಟಕದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗಾಗಿ. 2016ರಲ್ಲಿ ರಾಜ್ಯ ಸರ್ಕಾರ ಲೋಕಾಯುಕ್ತ ಪೊಲೀಸರ ತನಿಖಾಧಿಕಾರ ಹಿಂಪಡೆದು, ಮುಖ್ಯಮಂತ್ರಿಗಳ ಅಧೀನದಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರಚಿಸಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿ ಪ್ರಕರಣಗಳನ್ನು ಲೋಕಾಯುಕ್ತಕ್ಕೇ ಮರಳಿಸಿತು. ಆದರೆ ಲೋಕಾಯುಕ್ತದ ತನಿಖಾಧಿಕಾರಿಗಳು ಇಂದಿಗೂ ಪೊಲೀಸ್ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದು, ಅವಧಿ ಮುಗಿದ ಮೇಲೆ ಅದೇ ಇಲಾಖೆಗೆ ಮರಳುವವರು.