ಬ್ಲೂ ಟಿಕ್ ಇದ್ರೆ ಅಸಲಿ ಅಕೌಂಟಾ?

ಪದೇ ಪದೇ ಬರೋ ಪ್ರಶ್ನೆ: "ಸಾರ್, ಮಸ್ಕ್ ತಗೊಂಡ್ಮೇಲೆ ಟ್ವಿಟರ್ ಯಾಕೆ ಹಿಂಗಾಯ್ತು? ಬ್ಲೂ ಟಿಕ್ ಇರೋರನ್ನಾದ್ರೂ ನಂಬಬಹುದಲ್ವಾ?"

ನಂಬಬೇಡಿ. ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಇನ್ನೊಂದ್ಸಲ ಹೇಳ್ತೀನಿ, ಯಾಕಂದ್ರೆ ಮೊದಲನೇ ಪ್ರಶ್ನೆಗೆ ಉತ್ತರಾನೂ ಇದರಲ್ಲೇ ಇದೆ.

2009ರಲ್ಲಿ ಅಕೌಂಟ್ ಹೆಸರಿನ ಪಕ್ಕ ಬರೋ ಈ ಟಿಕ್ ಶುರುವಾಗಿದ್ದೇ ನಕಲಿಗಳ ಕಾಟಕ್ಕೆ. ಟೋನಿ ಲಾ ರೂಸಾ ಅನ್ನೋ ಬೇಸ್‌ಬಾಲ್ ಮ್ಯಾನೇಜರ್ ತನ್ನ ಹೆಸರಲ್ಲಿ ಬೇರೆ ಯಾರೋ ಬರೀತಿದಾರೆ ಅಂತ ಕೇಸೇ ಹಾಕಿದ್ರು. ಆಮೇಲೆ ಕಂಪನಿಯವರೇ ನೋಡಿ ವಿಚಾರಿಸಿ ಟಿಕ್ ಕೊಡೋಕೆ ಶುರು ಮಾಡಿದ್ರು. 2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ ಟ್ವಿಟರನ್ನ (ಈಗಿನ ಎಕ್ಸ್) 44 ಬಿಲಿಯನ್ ಡಾಲರ್‌ಗೆ ಕೊಂಡ್ರು, ನವೆಂಬರ್‌ನಲ್ಲೇ ತಿಂಗಳಿಗೆ 8 ಡಾಲರ್ ಕಟ್ಟಿದೋರಿಗೆಲ್ಲ ಟಿಕ್ ಕೊಡೋಕೆ ಶುರು ಮಾಡಿದ್ರು. ಮಾರನೇ ದಿನಾನೇ ಔಷಧಿ ಕಂಪನಿ ಎಲೈ ಲಿಲ್ಲಿ ಹೆಸರಲ್ಲಿ ಒಂದು ನಕಲಿ ಅಕೌಂಟು ಟಿಕ್ ಸಮೇತ ಬಂದು ಇನ್ಮೇಲೆ ಇನ್ಸುಲಿನ್ ಫ್ರೀ ಅಂತ ಹಾಕ್ತು, ಅಸಲಿ ಕಂಪನಿ ಜನರ ಕ್ಷಮೆ ಕೇಳ್ಬೇಕಾಯ್ತು. ಸಕ್ಕರೆ ಕಾಯಿಲೆ ಇರೋರ ಮನೇಲಿ ಆ ಸುದ್ದಿ ಓದಿದ್ರೆ ಹೆಂಗಿರತ್ತೆ ಯೋಚ್ನೆ ಮಾಡಿ. 2023ರ ಏಪ್ರಿಲ್‌ನಲ್ಲಿ ಹಳೇ ಟಿಕ್‌ಗಳನ್ನೂ ತೆಗೆದ್ರು.

ನಮ್ಮ ಚಿಕ್ಕಪ್ಪ ದುಡ್ಡು ಕಟ್ ಆಯ್ತು ಆದ್ರೆ ಹೋಗ್ಲಿಲ್ಲ ಅಂತ ಬ್ಯಾಂಕಿಗೆ ಟ್ಯಾಗ್ ಮಾಡಿ ಬರೆದ್ರು, ಎರಡೇ ನಿಮಿಷಕ್ಕೆ ಬ್ಯಾಂಕಿನ ಲೋಗೋ, ಬ್ಲೂ ಟಿಕ್ ಇರೋ ಅಕೌಂಟಿಂದ ರಿಪ್ಲೈ, "ಡಿಎಂನಲ್ಲಿ ಮೊಬೈಲ್ ನಂಬರ್ ಕಳಿಸಿ" ಅಂತ, ಅಂದ್ರೆ ಖಾಸಗಿ ಮೆಸೇಜಲ್ಲಿ. ಫೋನ್ ಇಸ್ಕೊಂಡು ನೋಡಿದ್ರೆ ಹ್ಯಾಂಡಲ್ (@ ಗುರುತಿನ ಮುಂದೆ ಬರೋ ಹೆಸರು) ಕೊನೇಲಿ ಎರಡು ಅಂಡರ್‌ಸ್ಕೋರ್ (_). ಬ್ಯಾಂಕಿನ ವೆಬ್‌ಸೈಟಲ್ಲಿ ಕೊಟ್ಟಿರೋ ಹ್ಯಾಂಡಲ್ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ, ಅದೊಂದೇ ದಾರಿ.

ಇನ್ನು ಟ್ವಿಟರ್ ಯಾಕೆ ಹಿಂಗಾಯ್ತು ಅನ್ನೋದು: ಟಿಕ್‌ಗೆ ದುಡ್ಡು ಕಟ್ಟಿದೋರ ರಿಪ್ಲೈ ಮೇಲೆ ಬರತ್ತೆ, ಅದೂ ಸಾಲ್ದು ಅಂತ 2023ರ ಜುಲೈಯಲ್ಲಿ ಅವರಲ್ಲಿ ಕೆಲವರಿಗೆ ಜಾಹೀರಾತಿನ ಪಾಲೂ ಕೊಡೋಕೆ ಶುರು ಮಾಡಿದ್ರು. ಜನ ಕೆರಳಿ ರಿಪ್ಲೈ ಮಾಡಿದಷ್ಟೂ ಕಾಸು, ಒಳ್ಳೇ ಉತ್ತರ ಕೊಡೋರು ಕೆಳಗೆಲ್ಲೋ ಹೂತು ಹೋಗ್ತಾರೆ. ಹಿಂಗಾಯ್ತು ಅಂದ್ರೆ ಹಿಂಗೇ ಆಗಿದ್ದು.

ಇದನ್ನ ಯಾರೂ ಕೇಳಲ್ಲ, ಆದ್ರೂ ಹೇಳ್ತೀನಿ: ಮಳೆ, ಭೂಕಂಪ, ರೈಲು ಲೇಟು ಅಂತ ತಾನಾಗೇ ಹಾಕ್ತಿದ್ದ ಬಾಟ್‌ಗಳು ಎಲ್ಲಿ ಹೋದ್ವು? 2023ರಲ್ಲಿ ಎಪಿಐಗೆ, ಅಂದ್ರೆ ಬೇರೆ ಪ್ರೋಗ್ರಾಂಗಳು ಟ್ವಿಟರ್‌ಗೆ ತಾವಾಗೇ ಪೋಸ್ಟ್ ಹಾಕೋಕೆ ಬಳಸೋ ದಾರಿಗೆ, ದುಡ್ಡು ಕೇಳಿದ್ರು. ನ್ಯೂಯಾರ್ಕಿನ ಮೆಟ್ರೋ ನಡೆಸೋ ಎಂಟಿಎ ಏಪ್ರಿಲ್‌ನಲ್ಲಿ ಅಲರ್ಟ್ ಹಾಕೋದನ್ನೇ ನಿಲ್ಲಿಸ್ತು, ಸಾರ್ವಜನಿಕ ಸೇವೆಗಳಿಗೆ ಫ್ರೀ ಅಂತ ಹೇಳಿದ್ಮೇಲೆ ಮೇ ತಿಂಗಳಲ್ಲಿ ವಾಪಸ್ ಬಂತು. ಮನೇಲಿ ಕೂತು ಹವ್ಯಾಸಕ್ಕೆ ಬಾಟ್ ಬರೆದಿದ್ದೋರಿಗೆ ಸಿಕ್ಕಿದ್ದು ತಿಂಗಳಿಗೆ 1,500 ಪೋಸ್ಟಿನ ಮಿತಿ, ಸುಮಾರು ಜನ ಅಲ್ಲಿಗೇ ಕೈಬಿಟ್ರು.