ಮೊಣಕಾಲಿಗೆ ಯಾರು ಪಟ್ಟಿ ಹಾಕ್ತಾರ?

ಹಳೇ ಹುಬ್ಬಳ್ಳಿ ನಮ್ಮ ಓಣ್ಯಾಗ ಒಂದು ಸಣ್ಣ ಹುಡುಗನ ಹಾರ್ಟ್ ಆಪರೇಷನ್ ಅಂದಾಗ ಎರಡ ದಿನದಾಗ ಚಂದಾ ಪಟ್ಟಿ ಕೂಡಿತು, ಚಾಕ್ಕೂ ಉದ್ರಿ ಹೇಳೋ ಮಂದಿ ಸೈತ ಐನೂರರ ನೋಟು ಕೊಟ್ರು. ಮುಂದ ಅದ ಓಣ್ಯಾಗ ರೊಟ್ಟಿ ಬಡಿದು ಮಾರೋ ಕಾಕುಗೆ ಎರಡೂ ಮೊಣಕಾಲು ಬದಲಿ ಮಾಡ್ಬೇಕು ಅಂದ್ರ, "ವಯಸ್ಸಾತಲ್ಲ, ಎಣ್ಣಿ ಹಚ್ಗೊಂಡು ಇರ್ಲಿ, ಅದೇನ್ ಅರ್ಜೆಂಟ್ ಐತಿ?" (ನಾನೂ ಮನಸ್ಸಿನ್ಯಾಗ ಹಂಗ ಅಂದಿದ್ದೆ, ಸುಳ್ಳ್ಯಾಕ.)

ಡಾಕ್ಟರು ಇದಕ್ಕ ಎಲೆಕ್ಟಿವ್ ಸರ್ಜರಿ ಅಂತಾರ. ಬ್ಯಾಡಾದ ಆಪರೇಷನ್ ಅಂತಲ್ರಿ ಅದರರ್ಥ, ಡೇಟ್ ಗೊತ್ತು ಮಾಡಿ ಮಾಡೂದು, ಅಷ್ಟ. ಹಂಗಂತ ಮುಂದ ಹಾಕ್ಕೋತ ಹೋದ್ರ, ಹರ್ನಿಯಾದಾಗ ಕರುಳು ಸಿಕ್ಕೊಂಡು ರಕ್ತ ನಿಂತ್ರ ಅದ ರಾತ್ರಿ ಎಮರ್ಜೆನ್ಸಿ ಆಗ್ತೈತಿ, ಕಣ್ಣಿಗೆ ಪೊರೆ ಬಂದ ಮುದುಕ್ರು ಮೆಟ್ಲಿಳಿಯೋವಾಗ ಬಿದ್ದು ತೊಡಿ ಎಲುಬು ಮುರ್ಕೋತಾರ, ಮೊಣಕಾಲು ನೋವಿನವ್ರು ನಡಿಯೂದು ಬಿಟ್ಟು ತೊಡಿ ಸ್ನಾಯು ಸೊರಗಿ ಇನ್ನಷ್ಟು ಕೂತ್ಬಿಡ್ತಾರ.

ಕಣ್ಮುಂದ ಜೀವ ಹೊಂಟೈತಿ ಅಂದ್ರ ಲೆಕ್ಕ ಮರ್ತು ಓಡೋ ಈ ಸ್ವಭಾವಕ್ಕ 1986ರಾಗ ಆಲ್ಬರ್ಟ್ ಜಾನ್ಸನ್ ಅನ್ನೋ ಅಮೆರಿಕಾದ ಚಿಂತಕ 'ರೂಲ್ ಆಫ್ ರೆಸ್ಕ್ಯೂ' ಅಂತ ಹೆಸರಿಟ್ಟಾ. ಬರೇ ಲೆಕ್ಕನ ಹಿಡ್ಕೊಂಡು ಹೊಂಟ್ರೂ ಫಜೀತಿನ. 1990ರಾಗ ಅಮೆರಿಕಾದ ಓರೆಗಾನ್ ರಾಜ್ಯದವ್ರು ಬಡವರ ಯೋಜನೆಗೆ ಯಾವ ಚಿಕಿತ್ಸೆ ಮೊದಲು ಅಂತ ಖರ್ಚು-ಲಾಭ ಹಾಕಿ ಕಂಪ್ಯೂಟರ್‌ನಿಂದ ಲಿಸ್ಟ್ ತಗದ್ರು, ನೋಡಿದ್ರ ಹಲ್ಲಿನ ಕ್ಯಾಪ್ ಅಪೆಂಡಿಕ್ಸ್ ಆಪರೇಷನ್ನಿಗಿಂತ ಮ್ಯಾಲೆ ಕುಂತಿತ್ತು! ಕ್ಯಾಪ್ ಅಗ್ಗ ನೋಡ್ರಿ, ಅದಕ್ಕ. ಮಂದಿ ಒಪ್ಪಲಿಲ್ಲ, ಲಿಸ್ಟ್ ಮತ್ತ ತಿದ್ದಿದ್ರು.

ನಮ್ಮ ಕಡೆ ಇದಕ್ಕೊಂದು ಬ್ಯಾರೆ ದಾರಿ ಐತಿ. 1905ರಾಗ ಗದಗ ಹತ್ರ ಕಣಗಿನಹಾಳದಾಗ ಸಹಕಾರಿ ಸಂಘ ಹುಟ್ಟಿದ ಸೀಮಿ ಇದು. 2003ರಾಗ ಶುರುವಾದ ಯಶಸ್ವಿನಿ ಅನ್ನೋ ಆರೋಗ್ಯ ವಿಮಾ ಯೋಜನೆ, ಸಹಕಾರಿ ಸಂಘದ ರೈತರಿಂದ ತಿಂಗಳಿಗೆ 5 ರೂಪಾಯಿ ತಗೊಂಡು ನೂರಾರು ತರಹದ ಆಪರೇಷನ್ ಮಾಡಿಸ್ತು, ಜಡ್ಡು ಬರೂದಕ್ಕಿಂತ ಮೊದ್ಲ ರೊಕ್ಕ ಕೂಡಿದ್ರ ಯಾರ ಹರ್ನಿಯಾ, ಅರ್ಜೆಂಟ್ ಐತೇನು ಅಂತ ಯಾರೂ ಕೇಳಂಗಿಲ್ಲ. ಆದ್ರ ಆವಾಗ ಕೀಲು ಬದಲಿ ಮಾತ್ರ ಅದರಾಗ ಇರ್ಲಿಲ್ಲ!

2017ರ ಆಗಸ್ಟ್‌ದಾಗ ಕೇಂದ್ರ ಸರಕಾರ ಮೊಣಕಾಲಿನ ಇಂಪ್ಲಾಂಟ್ (ಒಳಗ ಕೂಡಿಸೋ ಕೃತಕ ಕೀಲು) ರೇಟಿಗೆ ಮಿತಿ ಹಾಕ್ತು, ಭಾಳ ಮಂದಿಗೆ ಹಾಕೋ ಕೋಬಾಲ್ಟ್-ಕ್ರೋಮಿಯಂದು ಟ್ಯಾಕ್ಸ್ ಬಿಟ್ಟು 54,720 ರೂಪಾಯಿಗೆ ಇಳೀತು. ಆದ್ರೂ ಆಸ್ಪತ್ರಿ ಬಿಲ್ ಬ್ಯಾರೆ ಇರ್ತೈತಲ್ಲ.

ಕಾಕು ಸೊಸೈಟಿ ಸಾಲ ತಗೊಂಡು ಒಂದು ಕಾಲು ಮಾಡಿಸ್ಕೊಂಡ್ರು, ನೆಲದ ಮ್ಯಾಲೆ ಕುಂಡ್ರಬ್ಯಾಡ್ರಿ ಅಂದಾರಂತ ಈಗ ಕಟ್ಟಿ ಮುಂದ ನಿಂತ ರೊಟ್ಟಿ ಬಡೀತಾರ. ಇನ್ನೊಂದು ಕಾಲಿನ ಪಟ್ಟಿ ಪುಸ್ತಕ ನನ್ನ ಕಡೆನ ಐತಿ, ಇಲ್ಲೀತನಕ ಮೂರು ಹೆಸರು ಬಿದ್ದಾವ.